ಅಳತೆಕೋಲಿನ ಹೊಸ ಗೀಟು

ಹಳೆಯ ಟ್ರ್ಯಾಕ್ಟರಿನ ಅಳತೆಕೋಲನ್ನೇ ಹೊಸ ಟ್ರ್ಯಾಕ್ಟರಿನ ಟ್ಯಾಂಕಿಗೆ ಇಳಿಸಿ, ಎತ್ತಿ ನೋಡಿದ ಚಾಲಕ ನಿಂತಲ್ಲೇ ನಿಂತ. ಇಡೀ ಹೊಲ ಉತ್ತ ಮೇಲೂ ಡೀಸೆಲ್ಲಿನ ಒದ್ದೆ ಅರ್ಧದ ಗೀಟಿಗಿಂತ ಮೇಲೆಯೇ ಇತ್ತು. ಹಳೆಯ ಟ್ರ್ಯಾಕ್ಟರಿನಲ್ಲಿ ಇಷ್ಟೇ ಉಳುಮೆಗೆ ಕೋಲಿನ ತುದಿ ಮಾತ್ರ ನೆನೆಯುತ್ತಿತ್ತು. ಹನ್ನೆರಡು ವರ್ಷ ಅದಕ್ಕೆ ಡೀಸೆಲ್ ತುಂಬಿಸಿದವನು ಅವನೊಬ್ಬನೇ.

"ಏನಣ್ಣಾ, ದೆವ್ವ ಕಂಡವನ ಹಾಗೆ ನಿಂತ್ಬಿಟ್ಟೆ?" ಎನ್ನುತ್ತ ಹೊಲದೊಡತಿ ಬದುವಿನಿಂದ ಇಳಿದು ಬಂದಳು.

"ಹಳೇದರಲ್ಲಿ ನಾನು ಒಂದು ತೊಟ್ಟೂ ಕದ್ದಿಲ್ಲ ತಾಯಿ," ಎಂದುಬಿಟ್ಟ ಅವನು, ಯಾರೂ ಕೇಳದಿದ್ದರೂ.

ಅವಳು ಕೋಲನ್ನು ತೆಗೆದುಕೊಂಡು ನೋಡಿದಳು. ಅರ್ಥವಾಯಿತು. "ಕಳ್ಳ ನೀನಲ್ಲಣ್ಣ, ಆ ಹಳೇ ಹೊಟ್ಟೆಬಾಕ! ಕುಡಿದದ್ದರಲ್ಲಿ ಅರ್ಧ ಹೊಗೆ ಮಾಡಿ ನನ್ನ ಮುಖಕ್ಕೇ ಊದ್ತಿತ್ತಲ್ಲ, ಊಟ ತರುವಾಗ ಕೆಮ್ಮಿ ಕೆಮ್ಮಿ ಸಾಕಾಗ್ತಿತ್ತು. ಇದು ಹಾಗಲ್ಲ, ಕೆಲಸ ಎಷ್ಟೋ ಅಷ್ಟೇ ಕುಡಿಯುತ್ತೆ."

ಕೋಲನ್ನು ತನ್ನ ಕುಡುಗೋಲಿನೊಂದಿಗೆ ಅವನ ಕೈಗಿಟ್ಟಳು. "ಒದ್ದೆ ನಿಂತ ಕಡೆ ಹೊಸ ಗೀಟು ನೀನೇ ಕೊರಿ. ನಿನ್ನ ಕೈಯ ಗೀಟೇ ನನಗೆ ನಂಬಿಕೆ."

ಅವನು ನಿಧಾನವಾಗಿ ಕೊರೆದ. ಕೆಳಗಿನ ಸವೆದ ಗೀಟುಗಳ ಮೇಲೆ ಹೆಬ್ಬೆರಳಾಡಿಸಿ, "ಇವನ್ನ ಕೆರೆದುಬಿಡ್ಲಾ?" ಎಂದ.

"ಬೇಡ, ಇರಲಿ," ಎಂದಳು ಅವಳು. "ಅವೂ ಸುಳ್ಳು ಹೇಳಿಲ್ಲ."