ಐದು ಹೂವಿಗೊಂದು ಇಂಗ್ಲಿಷ್ ಪದ

ನನಗೆ ಇಂಗ್ಲಿಷ್ ಹುಟ್ಟಿನಿಂದಲೇ ಬಂದಿತ್ತೆಂದು ನಂಜನಗೂಡಿನ ನಮ್ಮ ನೆಂಟರು ಹೇಳುತ್ತಾರೆ. ಹುಟ್ಟಿನಿಂದ ಬಂದದ್ದು ಅಳು ಒಂದೇ. ಇಂಗ್ಲಿಷ್ ಬಂದದ್ದು ಅಕ್ಕನಿಂದ. ನೆನೆಸಿದ ಬಾಳೆನಾರಿನ ವಾಸನೆ ಮೂಗಿಗೆ ಬಿದ್ದರೆ ಒಂದು ಮಧ್ಯಾಹ್ನ ಈಗಲೂ ಎದುರಿಗೆ ಬಂದು ನಿಲ್ಲುತ್ತದೆ.

ಅಪ್ಪ ಜಗಲಿಯಲ್ಲಿ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳುವಾಗ ಅಕ್ಕ ಒಳಗೆ ಬಾಳೆನಾರಿನಲ್ಲಿ ಹೂ ಕಟ್ಟುತ್ತ ಕೇಳಿಸಿಕೊಂಡು ಕಲಿತಿದ್ದಳು. ಅಕ್ಷರಕ್ಕೊಂದು ಮಲ್ಲಿಗೆ, ಐದು ಹೂವಾದರೆ ಒಂದು ಪದ. ಹಾಗೆಯೇ ನನಗೂ ಕಲಿಸಿದಳು. ಒಂದು ಅಕ್ಷರ ಕೊಟ್ಟು ಐದಕ್ಷರದ ಪದಗಳನ್ನು ಕೇಳುವುದು ಸ್ಕೂಲು ಇನ್ಸ್‌ಪೆಕ್ಟರ ಚಾಳಿ. ಅವರು ನಮ್ಮಲ್ಲಿಗೆ ಊಟಕ್ಕೆ ಬಂದ ದಿನ ಅಕ್ಕ ನನ್ನ ಕಿವಿ ಹಿಡಿದಳು.

"ಯಾರು ಹೇಳ್ಕೊಟ್ರು ಅಂತ ಕೇಳಿದ್ರೆ ನನ್ ಹೆಸರು ಹೇಳು ಕಣೋ. ಇವಳನ್ನ ಮೈಸೂರು ಸ್ಕೂಲಿಗೆ ಕಳಿಸಿ ಅಂತ ಅವರಂದ್ರೆ ಅಪ್ಪ ಇಲ್ಲ ಅನ್ನಲ್ಲ. ಇಲ್ದಿದ್ರೆ ಬನ್ನೂರಿನ ಗಂಡಿಗೆ ನನ್ನ ಕೊಟ್ಬಿಡ್ತಾರೆ."

ಊಟವಾದ ಮೇಲೆ ಅವರು ಎಸ್ ಕೊಟ್ಟರು. ಸ್ನೇಕ್, ಸ್ಪೂನ್, ಶೀಪ್, ಸ್ಟೋನ್ ಎಂದು ಉಸಿರು ಬಿಡದೆ ಹದಿನಾಲ್ಕು ಪದ ಹೇಳಿದೆ.

"ಭಲೆ. ಯಾರಯ್ಯಾ ಹೇಳಿಕೊಟ್ಟಿದ್ದು?"

ಜಗಲಿಯ ತುಂಬ ಜನ. ಅಪ್ಪನ ಮುಖ ಅರಳಿತ್ತು.

"ಯಾರೂ ಇಲ್ಲ ಸಾರ್, ನಾನೇ ಕಲ್ತೆ."

ನಡುಮನೆಯ ಬಾಗಿಲ ಸಂದಿಯಲ್ಲಿ ಅಕ್ಕನ ಕಾಲ್ಬೆರಳುಗಳು ಕಾಣುತ್ತಿದ್ದವು. ಅವು ಅಲ್ಲಾಡಲಿಲ್ಲ. ಆ ಮಾಘದಲ್ಲೇ ಅವಳನ್ನು ಬನ್ನೂರಿಗೆ ಕೊಟ್ಟರು.

ಎದುರಾಳಿಯ ಮೌನವನ್ನು ಒಪ್ಪಿಗೆಯೆಂದು ವಾದಿಸುವುದನ್ನು ಆಮೇಲೆ ಕಾಲೇಜಿನ ಚರ್ಚಾಕೂಟದಲ್ಲಿ ಕಲಿತೆ. ಅಕ್ಕನ ಮೌನದ ಮುಂದೆ ಆ ವಾದ ನಿಲ್ಲಲಿಲ್ಲ. ಅಕ್ಕಾ, ಅಷ್ಟು ಹತ್ತಿರ ನಿಂತಿದ್ದೆಯಲ್ಲ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಮಾತು ಯಾಕೆ ಅನ್ನಲಿಲ್ಲ?