ಒಗೆಯದ ಸ್ವೆಟರು

ಆಸ್ಪತ್ರೆಯಿಂದ ಸುದ್ದಿ ಬಂದಾಗ ಅತ್ತೆ ನಾಯಿಯನ್ನು ಬೈಯುತ್ತಿದ್ದರು. ಅದು ಎಂದಿನಂತೆ ದೇವರ ಕೋಣೆಯ ಹೊಸ್ತಿಲಿಗೆ ಅಡ್ಡ ಮಲಗಿತ್ತು. ಅವರ ತಮ್ಮನ ಮಗ ಫೋನು ಕೆಳಗಿಟ್ಟು, 'ಅಪ್ಪ ಹೋದ್ರು ಅತ್ತೆ' ಎಂದ. ಅತ್ತೆ ಬೈಗುಳವನ್ನು ಅರ್ಧಕ್ಕೇ ಬಿಟ್ಟು ನಾಯಿಯ ಪಕ್ಕದಲ್ಲೇ ಕುಳಿತುಬಿಟ್ಟರು. ಅವರ ಮೈಮೇಲೆ ತಮ್ಮನ ಬೂದು ಸ್ವೆಟರಿತ್ತು. ಆಂಬುಲೆನ್ಸಿಗೆ ಹತ್ತಿಸುವಾಗ ಅವನ ಮೈಯಿಂದ ತೆಗೆದದ್ದು. ಅಂದಿನಿಂದ ಅವರು ಅದನ್ನು ಬಿಚ್ಚಿರಲಿಲ್ಲ.

ಅಂತ್ಯಕ್ರಿಯೆಯ ಮರುದಿನ ಪ್ರಾಣಿಗಳ ಆಶ್ರಯಧಾಮದ ವ್ಯಾನು ಬಾಗಿಲಿಗೆ ಬಂತು. ಒಂಟಿಕಣ್ಣಿನ ಆ ಮುದಿ ನಾಯಿಯನ್ನು ತಮ್ಮ ತಂದದ್ದು ಅಲ್ಲಿಂದಲೇ. ಜನರೆಲ್ಲ ಮರಿಗಳ ಮುಂದೆ ಮುಗಿಬಿದ್ದಿದ್ದಾಗ, ಯಾರಿಗೂ ಬೇಡವಾದದ್ದು ಯಾವುದೆಂದು ವಿಚಾರಿಸಿ ಇದನ್ನು ಕರೆತಂದಿದ್ದ. ದೊರೆ ಎಂದು ಹೆಸರಿಟ್ಟಿದ್ದ. ಅತ್ತೆ ಆ ಹೆಸರು ಹಿಡಿದು ಅದನ್ನು ಒಮ್ಮೆಯೂ ಕರೆದವರಲ್ಲ. ದೊರೆಯಂತೆ ದೊರೆ, ರಾಜ್ಯ ಯಾವುದೋ ಎಂದು ತಮ್ಮನನ್ನು ಹಂಗಿಸುತ್ತಿದ್ದರು. ಸಾಕಿದವರು ತೀರಿಕೊಂಡರೆ ಪ್ರಾಣಿ ಮರಳಿ ಆಶ್ರಯಧಾಮಕ್ಕೆ ಎಂಬುದು ದತ್ತು ಕೊಡುವಾಗಲೇ ಆಗಿದ್ದ ಮಾತು. ತಮ್ಮನ ಮಗ ಅದನ್ನು ನೆನಪಿಟ್ಟುಕೊಂಡು ಫೋನು ಮಾಡಿದ್ದ.

ಬಂದವಳು ಅಲ್ಲಿನ ಮೇಲ್ವಿಚಾರಕಿ. ಮುಂಗೈ ತುಂಬ ಉಗುರಿನ ಗೀರುಗಳು, ಬಟ್ಟೆಯಲ್ಲಿ ಫಿನಾಯಿಲಿನ ವಾಸನೆ. ನಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಿವಿಯ ಹಿಂದೆ ಕೆರೆದಳು. ನಿನ್ನೆಯಿಂದ ಮುಟ್ಟದ ಊಟದ ಬಟ್ಟಲನ್ನು ನೋಡಿದಳು. ಆಮೇಲೆ, ಹೋದವರು ತೊಟ್ಟು ಬಿಟ್ಟ ಒಂದು ಬಟ್ಟೆ ಬೇಕು, ಒಗೆದದ್ದಾಗಬಾರದು ಎಂದಳು. ತಮ್ಮನ ಸೊಸೆ ಒಂದು ಅಂಗಿ ತಂದಳು. ಮೇಲ್ವಿಚಾರಕಿ ಮೂಸಿ ನೋಡಿ ಹಿಂದಕ್ಕೆ ಕೊಟ್ಟಳು. ಪ್ಯಾಂಟು, ಟವೆಲು, ದಿಂಬಿನ ಚೀಲ, ಎಲ್ಲದರದೂ ಒಂದೇ ಕಥೆ, ಬರೀ ಸೋಪಿನ ವಾಸನೆ. ಸಾವಿನ ದಿನ ಅಳು ಬಾರದ ಸೊಸೆ ಮಾವನ ಬಟ್ಟೆಗಳನ್ನೆಲ್ಲ ಒಂದೂ ಬಿಡದೆ ಒಗೆದುಹಾಕಿದ್ದಳು.

'ಹೊಸದಾಗಿ ಬಂದ ನಾಯಿ ನಾಲ್ಕು ದಿನ ಬೊಗಳಿ ಸುಮ್ಮನಾಗುತ್ತೆ' ಎಂದಳು ಮೇಲ್ವಿಚಾರಕಿ. 'ವಾಪಸ್ ಬಂದದ್ದು ಬೊಗಳೋದೇ ಇಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಡುತ್ತೆ. ಸಾಕಿದವರ ವಾಸನೆ ಪಕ್ಕದಲ್ಲಿದ್ರೆ ಒಂದೊಂದು ಉಳ್ಕೊಳ್ಳುತ್ತೆ. ಇಲ್ದಿದ್ರೆ ಈ ವಯಸ್ಸಲ್ಲಿ ಕಷ್ಟ.'

ಎಲ್ಲರ ಕಣ್ಣೂ ಅತ್ತೆಯ ಮೈಮೇಲಿನ ಸ್ವೆಟರಿಗೆ ಹೋಗಿ ನಿಂತವು. ಅತ್ತೆ ಅದರ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿಕೊಂಡರು.

'ಕೊಡಲ್ಲ. ಇದನ್ನೂ ಕೊಡಲ್ಲ, ಅದನ್ನೂ ಕೊಡಲ್ಲ.'

ತಮ್ಮನ ಮಗನಿಗೆ ತಲೆಬುಡ ತಿಳಿಯಲಿಲ್ಲ. 'ನಿಮಗೆ ಅದನ್ನ ಕಂಡ್ರೆ ಆಗಲ್ವಲ್ಲ ಅತ್ತೆ. ನಿಮಗೋಸ್ಕರಾನೇ ಇವರನ್ನ ಕರೆಸಿದ್ದು. ನಾವಿಬ್ರೂ ಬೆಳಗಾದ್ರೆ ಕೆಲಸಕ್ಕೆ ಹೋಗೋರು. ಈ ಮಂಡಿ ಇಟ್ಕೊಂಡು ನೀವು ಅದನ್ನ ಮೆಟ್ಟಿಲು ಇಳಿಸಿ ಹತ್ತಿಸ್ತೀರಾ?'

'ಕಂಡ್ರೆ ಆಗಲ್ಲ, ಇವತ್ತಿಗೂ ಆಗಲ್ಲ. ನಿಮ್ಮಪ್ಪನ್ನ ಕಂಡ್ರೂ ಎಷ್ಟೋ ಸಲ ಆಗ್ತಿರಲಿಲ್ಲ. ಅದಕ್ಕೆ ಅಂತ ನಾನು ಅವನನ್ನ ಯಾವುದಾದ್ರೂ ವ್ಯಾನಿಗೆ ಹತ್ತಿಸಿ ಕಳಿಸಿದ್ನಾ?'

ಸೊಸೆಗೆ ಮೊದಲು ನಗು ಬಂತು. ಅದರ ಬೆನ್ನಿಗೇ, ಈವರೆಗೂ ಬಾರದಿದ್ದ ಅಳು ಬಂತು. ಒಗೆದ ಅಂಗಿಯನ್ನು ಮುಖಕ್ಕೊತ್ತಿಕೊಂಡು ಒಳಗೆ ಹೋದಳು.

ಮೇಲ್ವಿಚಾರಕಿ ಮೆಲ್ಲನೆ, ಇಷ್ಟು ವಯಸ್ಸಾದವರಿಗೆ ತಾವು ನಾಯಿ ಕೊಡುವುದಿಲ್ಲ ಎಂದು ವಿವರಿಸಿದಳು. ಒಮ್ಮೆ ಯಜಮಾನನನ್ನು ಕಳೆದುಕೊಂಡದ್ದು ಇನ್ನೊಮ್ಮೆ ಕಳೆದುಕೊಳ್ಳಬಾರದು. 'ನಾಳೆ ನಿಮಗೇ ಏನಾದ್ರೂ ಆದ್ರೆ, ಅಮ್ಮಾ?'

'ಅದಕ್ಕೂ ಹಲ್ಲು ಉದುರಿದೆ, ನನಗೂ ಉದುರಿದೆ. ಯಾರು ಮೊದಲು ಅನ್ನೋದನ್ನ ಮೇಲಿರೋನು ತೀರ್ಮಾನ ಮಾಡ್ತಾನೆ, ನಿಮ್ಮ ಆಫೀಸಲ್ಲ. ನಿನ್ನೆ ಒಬ್ಬನನ್ನ ಕಳಿಸಿಕೊಟ್ಟೆ. ಅದು ನನ್ನ ಕೈಲಿರಲಿಲ್ಲ. ಇದು ನನ್ನ ಕೈಲಿದೆ.'

ಮೇಲ್ವಿಚಾರಕಿ ತಂದಿದ್ದ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಆಮೇಲೆ ಅದನ್ನು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಮುಂದಿನ ವಾರ ಬಂದು ನೋಡುತ್ತೇನೆ, ಆಗಲೂ ಅದು ಊಟ ಮಾಡದಿದ್ದರೆ ಮಾತು ಬೇರೆ ಎಂದು ಹೇಳಿ ಖಾಲಿ ವ್ಯಾನಿನಲ್ಲಿ ಹೊರಟುಹೋದಳು.

ಸಂಜೆ ಅತ್ತೆ ಹೊಸ್ತಿಲಲ್ಲಿ ಮಲಗಿದ್ದ ನಾಯಿಯನ್ನು ದಾಟಿ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದರು. ಗುಂಡಿ ಬಿಚ್ಚಿ ಸ್ವೆಟರು ತೆಗೆದು, ತಾವು ಕೂರುವ ಜಾಗದ ಪಕ್ಕಕ್ಕೇ ಹಾಸಿದರು. ನಾಯಿ ತಲೆಯೆತ್ತಿತು. ಎದ್ದು ನಿಂತಿತು. ಹೊಸ್ತಿಲ ಒಳಗೆ ಕಾಲಿಟ್ಟರೆ ಬೈಗುಳ ಬೀಳುತ್ತದೆಂದು ಅದಕ್ಕೆ ಗೊತ್ತಿತ್ತು. ತನ್ನ ಒಂದೇ ಕಣ್ಣಿನಿಂದ ಅತ್ತೆಯ ಮುಖವನ್ನೇ ನೋಡಿತು.

'ಬಾರೋ ದೊರೆ' ಎಂದರು ಅತ್ತೆ.

ಅದು ಬಂತು. ಸ್ವೆಟರಿನ ಸುತ್ತ ಒಂದು ಸುತ್ತು ಹಾಕಿ, ತೋಳಿನೊಳಗೆ ಮೂತಿ ತುರುಕಿ ಮಲಗಿತು. ಅತ್ತೆ ಊಟದ ಬಟ್ಟಲನ್ನು ಅದರ ಹತ್ತಿರಕ್ಕೆ ಸರಿಸಿ, ಚಳಿಗೆ ಭುಜ ಕುಗ್ಗಿಸಿಕೊಂಡು ಕೈ ಮುಗಿದರು.

'ದೇವರೇ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು. ಅದು ನಿನ್ನ ಕೆಲಸ. ಇವನ ಹೊಟ್ಟೆ ನಾನು ನೋಡ್ಕೋತೀನಿ.'