ಗಿಟಾರ್ ಮಾಡಿಕೊಟ್ಟವನು

ಗಿಟಾರಿನ ಹೊಟ್ಟೆಯೊಳಗೆ ಮೊಬೈಲಿನ ಟಾರ್ಚ್ ಬಿಟ್ಟು ಮೋಹನದಾಸ ಹೆಸರು ಹುಡುಕಿದ. ಸಿಗಲಿಲ್ಲ. ಹೆಸರು ಬರೆಯದಷ್ಟು ಜಾಣ, ಆ ಧರ್ಮಪಾಲ.

ಮದುವೆಯಾಗಿ ಜ್ಯೋತ್ಸ್ನಾ ಡೊಂಬಿವಲಿಯಿಂದ ಕಾಮೋಠೆಯ ಈ ಒಂದು ಕೋಣೆಯ ಮನೆಗೆ ಬಂದಾಗ ಅದೂ ಬಂದಿತ್ತು. ಕೈಯಲ್ಲೇ ಮಾಡಿದ್ದು, ಬೀಟೆ ಮರದ್ದು. ಹದಿನಾರು ವರ್ಷದಲ್ಲಿ ಅವಳು ನುಡಿಸಿದ್ದು ಎರಡೋ ಮೂರೋ ಸಲ. ಉಳಿದಂತೆ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿ ಕಿಟಕಿ ಪಕ್ಕದ ಮೂಲೆ ಹಿಡಿದಿತ್ತು. ಮಗಳು ದೊಡ್ಡವಳಾಗುತ್ತಿದ್ದಾಳೆ, ಜಾಗ ಸಾಲದು, ಮಾರೋಣ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಬೀಟೆಯ ಬೆಲೆ ಏರುತ್ತದೆ, ಇರಲಿ ಎಂದು ತಡೆದವನು ಇವನು.

ಕಳೆದ ಭಾನುವಾರ ಅವಳು ಅದರ ಧೂಳು ಒರೆಸುತ್ತ ಸುಮ್ಮನೆ ನಕ್ಕಳು. ಏನೆಂದು ಕೇಳಿದ.

"ಎಂತದಿಲ್ಲ ಮಾರಾಯ್ರೆ. ಇದನ್ನು ಮಾಡಿಕೊಟ್ಟ ಧರ್ಮಪಾಲನ ನೆನಪಾಯ್ತು."

ಯಾರವನು, ನೋಡಲು ಹೇಗಿದ್ದ ಎಂದರೆ ಮಿಕ್ಸರ್ ಹಾಕಿಬಿಟ್ಟಳು.

ಅಂದಿನಿಂದ ಮೋಹನದಾಸನಿಗೆ ಅನ್ನ ಇಳಿಯಲಿಲ್ಲ. ಬೇಲಾಪುರದ ಹೋಟೆಲಿನ ಗಲ್ಲಾದಲ್ಲಿ ಕೂತರೆ, ಉದ್ದ ಬೆರಳಿನ ಗಿರಾಕಿಗಳೆಲ್ಲ ಧರ್ಮಪಾಲರೇ. ಮನೆಗೆ ಬಂದರೆ ಆ ನಯವಾದ ಮರ. ಯಾರಿಗಾಗಿ ಅಷ್ಟು ಉಜ್ಜಿದನೋ ಎಂದು ಹೊಟ್ಟೆ ಉರಿಯಿತು. ಗುರುವಾರ ತಾನೇ ಫೋಟೊ ತೆಗೆದು ಮೊಬೈಲಿನಲ್ಲಿ ಜಾಹೀರಾತು ಹಾಕಿದ.

"ಇರಲಿ ಬಿಡಿ," ಎಂದಳು ಜ್ಯೋತ್ಸ್ನಾ. "ಪಾಪ, ಎಷ್ಟು ಪ್ರೀತಿಯಿಂದ ಮಾಡಿದ್ದು."

ಆ ಒಂದು ಮಾತಿಗೆ ಗಿಟಾರಿನ ಬೆಲೆ ಎರಡು ಸಾವಿರ ಇಳಿಯಿತು.

ಶನಿವಾರ ವಿಠ್ಠಲವಾಡಿಯಿಂದ ಸಮಿತ್ ಎಂಬ ಆರ್ಕೆಸ್ಟ್ರಾದವನು ಬಂದು ತಂತಿ ಮೀಟಿ ನೋಡಿದ. ಈರುಳ್ಳಿ ಹೆಚ್ಚುತ್ತಿದ್ದ ಜ್ಯೋತ್ಸ್ನಾ ಬಾಗಿಲಿಗೆ ಬಂದು ನಿಂತು ಕಣ್ಣೊರೆಸಿಕೊಂಡಳು. ಮೋಹನದಾಸನಿಗೆ ಕಣ್ಣೀರು ಕಂಡಿತು, ಈರುಳ್ಳಿ ಕಾಣಲಿಲ್ಲ.

"ಕಿಸನೇ ಬನಾಯಾ, ಅಂಕಲ್?" ಮಾಡಿದ್ದು ಯಾರೆಂದು ಸಮಿತ್ ಕೇಳಿದ.

"ಮರ್ ಗಯಾ," ಎಂದು ಮೋಹನದಾಸ ಅವನನ್ನು ಸಾಯಿಸಿಯೇಬಿಟ್ಟ.

ಚೌಕಾಸಿ ನಡೆಯಲಿಲ್ಲ. ಪೆಟ್ಟಿಗೆಯನ್ನು ಮೋಹನದಾಸನೇ ಹೊತ್ತು ಮೂರು ಮಹಡಿ ಇಳಿದು ರಿಕ್ಷಾದಲ್ಲಿಟ್ಟು ಬಂದ. ವಾರದಲ್ಲಿ ಮೊದಲ ಸಲ ನಗುತ್ತ ಸ್ನಾನಕ್ಕೆ ಹೋದ.

ಬಚ್ಚಲಲ್ಲಿ ನೀರಿನ ಸದ್ದು ಕೇಳಿದ ಮೇಲೆ ಜ್ಯೋತ್ಸ್ನಾ ಡೊಂಬಿವಲಿಗೆ ಫೋನ್ ಮಾಡಿದಳು. "ಅಕ್ಕಾ, ಜಾಗ ಖಾಲಿ ಆಯ್ತು, ಮಗಳಿಗೆ ಓದುವ ಮೇಜು ನಾಳೆಯೇ ಕಳಿಸು. ಇನ್ನು ತವರಿಂದ ತಂದ ಆ ಹಳೇ ಕಪಾಟು ಇಲ್ಲೇ ಉಂಟಲ್ಲ, ಅದಕ್ಕೂ ಒಬ್ಬನನ್ನು ಹುಟ್ಟಿಸಬೇಕು. ಧರ್ಮಪಾಲ ಅಂತ ನೀನು ಕೊಟ್ಟ ಹೆಸರು ಒಳ್ಳೇದಿತ್ತು, ಇನ್ನೊಂದು ಹೇಳು."